ಹೆಡ್‌ಫೋನು ನಡೆದು ಬಂದ ದಾರಿ

ಆಕಾಶವಾಣಿಯ ಸ್ಟುಡಿಯೊ ನೋಡಲು ಹೋದವರು ಸಾಮಾನ್ಯವಾಗಿ ಮೈಕ್ರೊಫೋನನ್ನು ಕಂಡು ಬೆರಗಾಗುತ್ತಾರೆ. ಗಾಜಿನ ಕಿಟಕಿಯ ಆಚೆ ಕುಳಿತ ಇಂಜಿನಿಯರರ ಕಿವಿಗಳನ್ನು ಮುಚ್ಚಿರುವ ಎರಡು ಕರಿಯ ಬಟ್ಟಲುಗಳ ಕಡೆಗೆ ಯಾರ ಲಕ್ಷ್ಯವೂ ಹೋಗುವುದಿಲ್ಲ. ಆದರೆ ನಿಮ್ಮ ಮನೆಯ ರೇಡಿಯೊವನ್ನು ತಲಪುವ ಭಾಷಣವೇ ಆಗಲಿ, ಸಂಗೀತ ಕಚೇರಿಯೇ ಆಗಲಿ, ಅದರ ಗುಣದೋಷಗಳನ್ನು ಅಳೆದು ನೋಡುವುದು ಬಹುಮಟ್ಟಿಗೆ ಆ ಬಟ್ಟಲುಗಳೊಳಗೇ. ಅಕ್ಕಸಾಲಿಗನಿಗೆ ಒರೆಗಲ್ಲು ಹೇಗೋ ಧ್ವನಿಯ ಕೆಲಸದವನಿಗೆ ಹೆಡ್‌ಫೋನು ಹಾಗೆ.

ಈ ಕೆಲಸ ಈಗ ಸ್ಟುಡಿಯೊದ ಗೋಡೆಗಳನ್ನು ದಾಟಿ ಮನೆಗಳಿಗೆ ಬಂದಿದೆ. ಅಜ್ಜಿಯ ಬಾಯಲ್ಲಿ ಉಳಿದಿರುವ ಸೋಬಾನೆ ಪದಗಳನ್ನು ಮುದ್ರಿಸಿಕೊಳ್ಳುವ ಮೊಮ್ಮಗಳು, ಕಾದಂಬರಿಯನ್ನು ಓದಿ ಧ್ವನಿಪುಸ್ತಕ ಮಾಡುವ ಉಪಾಧ್ಯಾಯರು, ನಾಟಕದ ಹಿನ್ನೆಲೆ ಸಂಗೀತವನ್ನು ಜೋಡಿಸುವ ಹುಡುಗರು, ಇವರೆಲ್ಲ ನಿಮ್ಮ ಬೀದಿಯಲ್ಲೇ ಇರಬಹುದು. ನಿಮ್ಮ ಮನೆಯಲ್ಲೇ ಇದ್ದರೂ ಆಶ್ಚರ್ಯವಿಲ್ಲ. ಇವರು ಅಂಗಡಿಗೆ ಹೋದರೆ 500 ರೂಪಾಯಿಯ ಹೆಡ್‌ಫೋನೂ ಇದೆ, 50,000 ರೂಪಾಯಿಯದೂ ಇದೆ. ಎರಡರ ಪೆಟ್ಟಿಗೆಯ ಮೇಲೂ ಸ್ಟುಡಿಯೊ ಎಂಬ ಮಾತು ಅಚ್ಚಾಗಿರುತ್ತದೆ! ಕೈಯಲ್ಲಿರುವ ಅಲ್ಪಸ್ವಲ್ಪ ಹಣದಲ್ಲಿ ಯಾವುದನ್ನು ಕೊಳ್ಳಬೇಕು? ಅಂಗಡಿಯವನ ಮಾತಿಗಿಂತ ಈ ಉಪಕರಣದ ಚರಿತ್ರೆಯೇ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ ಎಂದು ನನ್ನ ನಂಬಿಕೆ. ಆದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗೋಣ.

ಹೆಡ್‌ಫೋನು ಹುಟ್ಟಿದ್ದು ಸಂಗೀತ ಕೇಳುವುದಕ್ಕಲ್ಲ, ದುಡಿಯುವವರ ಕೈಗಳನ್ನು ಬಿಡುವು ಮಾಡಿಕೊಡುವುದಕ್ಕೆ. 1876ರಲ್ಲಿ ಗ್ರಹಾಂ ಬೆಲ್ ಟೆಲಿಫೋನಿಗೆ ಹಕ್ಕುಪತ್ರ ಪಡೆದ ಕೆಲವೇ ವರ್ಷಗಳಲ್ಲಿ ಅಮೆರಿಕದ ಊರೂರುಗಳಲ್ಲಿ ಟೆಲಿಫೋನ್ ಎಕ್ಸ್‌ಚೇಂಜುಗಳು ಎದ್ದವು. ಅಲ್ಲಿ ಕುಳಿತವರು ಎರಡೂ ಕೈಗಳಿಂದ ತಂತಿಗಳನ್ನು ಕಿತ್ತು ಚುಚ್ಚಿ ಮಾಡುತ್ತಿರಬೇಕು. ಕಿವಿಗೆ ಹಿಡಿಯುವ ಯಂತ್ರವನ್ನು ಮೂರನೆಯ ಕೈ ಹಿಡಿಯಬೇಕೇ? ಎಜ್ರಾ ಗಿಲಿಲ್ಯಾಂಡ್ ಎಂಬಾತ 1880ರ ದಶಕದಲ್ಲಿ ಇದಕ್ಕೊಂದು ಉಪಾಯ ಮಾಡಿದ. ಮಾತಾಡುವ ಭಾಗವನ್ನೂ ಕೇಳುವ ಭಾಗವನ್ನೂ ಒಂದು ಚೌಕಟ್ಟಿಗೆ ಬಿಗಿದು ಭುಜದ ಮೇಲೆ ಹೊರುವ ಹಾಗೆ ಮಾಡಿದ. ಹೊರುವ ಎಂದೇ ಹೇಳಬೇಕು, ಅದು ಅಷ್ಟು ಭಾರ. 1891ರಲ್ಲಿ ಫ್ರಾನ್ಸಿನ ಅರ್ನೆಸ್ಟ್ ಮರ್ಕಾಡಿಯೆ ಎಂಬ ಇಂಜಿನಿಯರು ಕಿವಿಯೊಳಕ್ಕೇ ಸಿಕ್ಕಿಸಿಕೊಳ್ಳುವ ಹಗುರವಾದ ಜೋಡಿಗೆ ಅಮೆರಿಕದ ಹಕ್ಕುಪತ್ರ ಪಡೆದರು. ಇಂದು ಬಸ್ಸಿನಲ್ಲಿ ಹುಡುಗರ ಕಿವಿಯಲ್ಲಿ ಕಾಣುವ ಗುಂಡಿಗಳ ಮುತ್ತಜ್ಜ ಅದು.

ಇಷ್ಟರಲ್ಲಿ ಪ್ಯಾರಿಸ್ಸಿನಲ್ಲಿ ಇನ್ನೊಂದು ತಮಾಷೆ ನಡೆದಿತ್ತು. 1881ರಲ್ಲಿ ಅಲ್ಲಿ ವಿದ್ಯುತ್ತಿನ ದೊಡ್ಡ ವಸ್ತುಪ್ರದರ್ಶನ. ಕ್ಲೆಮಾಂ ಅದೇರ್ ಎಂಬ ಇಂಜಿನಿಯರು ಊರಿನ ಆಪೆರಾ ರಂಗಮಂದಿರದ ವೇದಿಕೆಯ ಮುಂದೆ ಎಡಕ್ಕೂ ಬಲಕ್ಕೂ ಟೆಲಿಫೋನು ಪ್ರೇಷಕಗಳನ್ನಿಟ್ಟು ಅಲ್ಲಿಂದ ಪ್ರದರ್ಶನದ ಕೋಣೆಗೆ ತಂತಿಗಳನ್ನೆಳೆದರು. ಕೇಳುವವರು ಎರಡು ಕಿವಿಗೂ ಒಂದೊಂದು ಯಂತ್ರ ಹಿಡಿದುಕೊಂಡರೆ ಹಾಡುಗಾರನು ವೇದಿಕೆಯ ಒಂದು ಬದಿಯಿಂದ ಮತ್ತೊಂದು ಬದಿಗೆ ನಡೆದದ್ದೂ ತಿಳಿಯುತ್ತಿತ್ತು. ಸ್ಟೀರಿಯೊ ಎಂದು ನಾವು ಹೇಳುವುದರ ಮೊದಲ ಅನುಭವ ಜನರಿಗೆ ಆದದ್ದು ಹೀಗೆ. ಕವಿ ವಿಕ್ಟರ್ ಹ್ಯೂಗೊ ಆ ವರ್ಷವೇ ಅದನ್ನು ಕೇಳಿ ತಮ್ಮ ಟಿಪ್ಪಣಿಗಳಲ್ಲಿ ಬರೆದಿಟ್ಟರು. ಮುಂದೆ 1890ರಲ್ಲಿ ಇದೇ ಥಿಯೇಟ್ರೊಫೋನ್ ಎಂಬ ಹೆಸರಿನಲ್ಲಿ ಚಂದಾದಾರರ ಮನೆಗಳಿಗೆ ತಂತಿಯ ಮೂಲಕ ನಾಟಕ ಸಂಗೀತಗಳನ್ನು ಒದಗಿಸುವ ವ್ಯಾಪಾರವಾಯಿತು. 1932ರ ತನಕ ನಡೆಯಿತು. ರೇಡಿಯೊ ಬರುವ ಮುಂಚೆಯೇ ರೇಡಿಯೊದ ಸುಖವನ್ನು ಅನುಭವಿಸಿದವರು ಪ್ಯಾರಿಸ್ಸಿನವರು. ಅದಿರಲಿ.

ನಿಜವಾದ ತಿರುವು ಬಂದದ್ದು ಒಂದು ಅಡಿಗೆಮನೆಯಿಂದ. 1910ರಲ್ಲಿ ಅಮೆರಿಕದ ನೌಕಾದಳದ ಕಚೇರಿಗೆ ಯೂಟಾ ಪ್ರಾಂತದಿಂದ ಒಂದು ಪತ್ರವೂ ಒಂದು ಜೊತೆ ಹೆಡ್‌ಫೋನೂ ಬಂದವು. ನೀಲಿ ಗುಲಾಬಿ ಬಣ್ಣದ ಕಾಗದದ ಮೇಲೆ ನೇರಳೆ ಮಸಿಯಲ್ಲಿ ಬರೆದ ಪತ್ರ. ಸರ್ಕಾರದ ಕಚೇರಿಗೆ ಇಂಥ ಪತ್ರ ಬಂದರೆ ಅದಕ್ಕೆ ಏನು ಗತಿಯಾಗುತ್ತದೆಂದು ನಿಮಗೆ ಗೊತ್ತು. ಆದರೆ ಅಲ್ಲಿದ್ದ ಅಧಿಕಾರಿ ಹೆಪ್‌ಬರ್ನ್ ಎಂಬವರು ಅದನ್ನು ಕಸದ ಬುಟ್ಟಿಗೆ ಹಾಕಲಿಲ್ಲ, ಪರೀಕ್ಷೆ ಮಾಡಿಸಿದರು. ತಮ್ಮಲ್ಲಿದ್ದ ಯಾವ ಉಪಕರಣಕ್ಕಿಂತಲೂ ಅದು ಸೂಕ್ಷ್ಮವೆಂದು ಕಂಡುಬಂತು. ಪತ್ರ ಬರೆದಾತ ನಥೇನಿಯಲ್ ಬಾಲ್ಡ್‌ವಿನ್. ನೌಕಾದಳವು ಹೆಚ್ಚು ಸಂಖ್ಯೆಯಲ್ಲಿ ಕಳಿಸೆಂದು ಕೇಳಿದಾಗ ಅವನಿಂದ ಬಂದ ಉತ್ತರ, ಒಂದು ಸಲಕ್ಕೆ ಹತ್ತಕ್ಕಿಂತ ಹೆಚ್ಚು ಮಾಡಿಕೊಡಲಾರೆ ಎಂದು. ಏಕೆಂದರೆ ಅವನು ಅವನ್ನು ಮಾಡುತ್ತಿದ್ದದ್ದು ತನ್ನ ಮನೆಯ ಅಡಿಗೆಯ ಕೋಣೆಯಲ್ಲಿ.

ಅವನು ಮಾಡಿದ್ದೇನು? ಅದುವರೆಗಿನ ಯಂತ್ರಗಳಲ್ಲಿ ಕಬ್ಬಿಣದ ತೆಳುವಾದ ಬಿಲ್ಲೆಯೊಂದನ್ನು ಅಯಸ್ಕಾಂತವು ನೇರವಾಗಿ ಎಳೆಯುತ್ತಿತ್ತು. ಬಿಲ್ಲೆ ಸದಾ ಎಳೆತಕ್ಕೊಳಗಾಗಿ ಬಿಗಿದುಕೊಂಡಿರುತ್ತಿದ್ದುದರಿಂದ ಸಣ್ಣ ಸದ್ದಿಗೆ ಅದು ಮಿಸುಕುತ್ತಿರಲಿಲ್ಲ. ಬಾಲ್ಡ್‌ವಿನ್ ಕಬ್ಬಿಣದ ಒಂದು ಪುಟ್ಟ ಪಟ್ಟಿಯನ್ನು ಅಯಸ್ಕಾಂತದ ಧ್ರುವಗಳ ನಡುವೆ ತಕ್ಕಡಿಯ ದಂಡಿಗೆಯಂತೆ ಸಮತೂಕದಲ್ಲಿ ನಿಲ್ಲಿಸಿ, ಅದರ ತುದಿಯನ್ನು ಸಣ್ಣ ತಂತಿಯಿಂದ ಅಭ್ರಕದ ಬಿಲ್ಲೆಗೆ ಜೋಡಿಸಿದ. ಎರಡು ಕಡೆಯೂ ಸಮನಾದ ಎಳೆತವಿದ್ದ ಮೇಲೆ ಇರುವೆಯ ಭಾರಕ್ಕೂ ತಕ್ಕಡಿ ವಾಲುತ್ತದಲ್ಲವೆ? ಹಾಗೆಯೇ ಇದೂ. ಹಡಗಿನ ನಿಸ್ತಂತು ಕೋಣೆಯಲ್ಲಿ ಕುಳಿತವನಿಗೆ ದೂರದ ಕ್ಷೀಣವಾದ ಸಂಕೇತ ಕೇಳಿಸುವುದೋ ಕೇಳಿಸದಿರುವುದೋ ಎಂಬುದು ಜೀವ ಹೋಗುವ ಉಳಿಯುವ ಪ್ರಶ್ನೆ. ಶಬ್ದವನ್ನು ಹಿಗ್ಗಿಸುವ ವಾಲ್ವುಗಳು ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಆದ್ದರಿಂದ ಅಡಿಗೆಮನೆಯ ಈ ಹೆಡ್‌ಫೋನೇ ಗೆದ್ದಿತು. ಮುಂದೆ ಬಾಲ್ಡ್‌ವಿನ್ ಕಾರ್ಖಾನೆ ಕಟ್ಟಿದ, ರೇಡಿಯೊದ ಅಬ್ಬರದ ದಿನಗಳಲ್ಲಿ ಶ್ರೀಮಂತನಾದ, 1920ರ ದಶಕದಲ್ಲೇ ವ್ಯವಹಾರ ಮುಳುಗಿ ಎಲ್ಲವನ್ನೂ ಕಳೆದುಕೊಂಡ. 1961ರಲ್ಲಿ ತೀರಿಕೊಂಡ. ಅವನ ಸಮತೂಕದ ಪಟ್ಟಿಯ ಉಪಾಯ ಮಾತ್ರ ಇಂದಿಗೂ ಕಿವಿ ಮಂದವಾದವರು ಇಟ್ಟುಕೊಳ್ಳುವ ಶ್ರವಣಯಂತ್ರಗಳೊಳಗೆ ಬದುಕಿದೆ.

ಹೆಡ್‌ಫೋನು ಮನೆಯೊಳಕ್ಕೆ ಕಾಲಿಟ್ಟದ್ದು ಹರಳಿನ ರೇಡಿಯೊದ ಜೊತೆಗೆ. ಗೆಲೀನಾ ಎಂಬ ಸೀಸದ ಅದಿರಿನ ಹರಳಿನ ಮೇಲೆ ಒಂದು ಸಣ್ಣ ತಂತಿಯ ಮೊನೆಯನ್ನು ತಾಗಿಸಿದರೆ ಅದು ರೇಡಿಯೊ ಅಲೆಯಿಂದ ಶಬ್ದವನ್ನು ಸೋಸಿಕೊಡುತ್ತದೆ. ಗೆಲೀನಾ ಹರಳಿನ ಈ ಬಗೆಯ ಗುಣವನ್ನು ಬಳಸಿ 1904ರಲ್ಲಿ ಅಮೆರಿಕದ ಹಕ್ಕುಪತ್ರ ಪಡೆದವರು ನಮ್ಮವರೇ ಆದ ಜಗದೀಶಚಂದ್ರ ಬೋಸರು. 1922ರ ನವೆಂಬರಿನಲ್ಲಿ ಲಂಡನ್ನಿನಿಂದ ಬಿಬಿಸಿಯ ಪ್ರಸಾರ ಆರಂಭವಾದಾಗ ಅಲ್ಲಿನ ಸಾಮಾನ್ಯ ಜನ ಕೇಳಿದ್ದು ಇಂಥ ಪೆಟ್ಟಿಗೆಗಳಿಂದ. ಇದಕ್ಕೆ ಬ್ಯಾಟರಿಯೂ ಬೇಡ, ವಿದ್ಯುತ್ತೂ ಬೇಡ. ಆಕಾಶದಿಂದ ಏರಿಯಲ್ ತಂತಿಗೆ ಬಂದು ಬಿದ್ದಷ್ಟೇ ಶಕ್ತಿ. ಅಷ್ಟರಿಂದ ಧ್ವನಿವರ್ಧಕ ನಡೆಯದು. ಹೆಡ್‌ಫೋನೇ ಗತಿ. ಒಂದೇ ಹೆಡ್‌ಫೋನನ್ನು ದೊಡ್ಡ ಪಿಂಗಾಣಿ ಬಟ್ಟಲಿನೊಳಗಿಟ್ಟು ಮನೆಮಂದಿಯೆಲ್ಲ ಸುತ್ತ ಕುಳಿತು ಕೇಳುವುದೂ ಇತ್ತಂತೆ.

ಇಲ್ಲಿ ನೀವು ಗಮನಿಸಬೇಕಾದ ಸಂಗತಿಯೊಂದುಂಟು. ಅತ್ಯಲ್ಪ ವಿದ್ಯುತ್ತಿನಿಂದ ಹೆಚ್ಚು ಕೆಲಸ ತೆಗೆಯಬೇಕಾದುದರಿಂದ ಆ ಹೆಡ್‌ಫೋನುಗಳೊಳಗೆ ಕೂದಲೆಳೆಯಂಥ ತಂತಿಯನ್ನು ಸಾವಿರಾರು ಸುತ್ತು ಸುತ್ತುತ್ತಿದ್ದರು. ಹಾಗಾಗಿ ಅವು ವಿದ್ಯುತ್ತಿಗೆ ಒಡ್ಡುತ್ತಿದ್ದ ತಡೆಯೂ ಹೆಚ್ಚು. ಒಂದೊಂದು ಕಿವಿಗೆ 2000 ಓಮ್, ಜೋಡಿಗೆ 4000 ಓಮ್ ಎಂಬುದು ಸಾಮಾನ್ಯವಾಗಿತ್ತು. ಯಾವ ಯಂತ್ರದಿಂದ ಕೇಳುತ್ತೀರೋ ಆ ಯಂತ್ರಕ್ಕೆ ಒಪ್ಪುವ ಹೆಡ್‌ಫೋನಿರಬೇಕು ಎಂಬ ಈ ಪಾಠ ಹರಳಿನ ರೇಡಿಯೊದ ಕಾಲದಲ್ಲಿ ಹಳ್ಳಿಯ ಹುಡುಗರಿಗೂ ಗೊತ್ತಿತ್ತು. ಇಂದು ಕೊಳ್ಳುವವರಲ್ಲಿ ಬಹುಮಂದಿ ಮರೆಯುವುದೂ ಅದನ್ನೇ. ಇದರ ಲೆಕ್ಕವನ್ನು ಆಮೇಲೆ ಹೇಳುತ್ತೇನೆ.

1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ಇಂದಿನ ಮಾದರಿಯ ಧ್ವನಿವರ್ಧಕವನ್ನು ರೂಪಿಸಿದರು. ವಾಲ್ವುಗಳೂ ಅಗ್ಗವಾದವು. ಮನೆಯವರು ಹೆಡ್‌ಫೋನನ್ನು ಅಟ್ಟಕ್ಕೆ ಹಾಕಿದರು. ನಮ್ಮಲ್ಲಿ 1927ರಲ್ಲಿ ಮುಂಬಯಿ ಕಲ್ಕತ್ತಗಳಲ್ಲಿ ಪ್ರಸಾರ ಆರಂಭವಾಗಿ, 1935ರ ಸೆಪ್ಟೆಂಬರ್ 10ರಂದು ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ 30 ವಾಟಿನ ಪುಟ್ಟ ಪ್ರೇಷಕದಿಂದ ಆಕಾಶವಾಣಿಯನ್ನು ಮೊದಲುಮಾಡುವ ವೇಳೆಗೆ, ರೇಡಿಯೊ ಎಂದರೆ ಕೂಡದ ಮೇಜಿನ ಮೇಲೆ ಕುಳಿತು ಎಲ್ಲರಿಗೂ ಕೇಳುವಂತೆ ಮಾತನಾಡುವ ಪೆಟ್ಟಿಗೆ ಎಂದಾಗಿತ್ತು. ಕಿವಿಗೆ ಕಟ್ಟಿಕೊಳ್ಳುವ ಯಂತ್ರ ಮತ್ತೆ ಕೆಲಸಗಾರರ ಪಾಲಿಗೇ ಉಳಿಯಿತು. ಹಡಗಿನವನು, ವಿಮಾನದವನು, ಟೆಲಿಫೋನು ಎಕ್ಸ್‌ಚೇಂಜಿನವರು, ಪ್ರಸಾರ ಕೇಂದ್ರದ ಇಂಜಿನಿಯರು.

ಇದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಬರ್ಲಿನ್ನಿನಲ್ಲಿ ಯೂಜೆನ್ ಬೈಯರ್ ಎಂಬವರು ಸಿನಿಮಾ ಮಂದಿರಗಳಿಗೆ ಧ್ವನಿವರ್ಧಕಗಳನ್ನು ಮಾಡುವ ಉದ್ಯೋಗದಲ್ಲಿದ್ದರು. ದೊಡ್ಡ ಧ್ವನಿವರ್ಧಕದ ತತ್ತ್ವವನ್ನೇ ಕಿವಿಯ ಅಳತೆಗೆ ಇಳಿಸಿದರೆ ಹೇಗೆ ಎಂದು ಅವರು ಯೋಚಿಸಿದರು. 1937ರಲ್ಲಿ ಅವರ ಸಂಸ್ಥೆಯಿಂದ ಡಿ.ಟಿ. 48 ಎಂಬ ಹೆಡ್‌ಫೋನು ಹೊರಬಂತು. ಇದರಲ್ಲಿ ಕಬ್ಬಿಣದ ಬಿಲ್ಲೆಯಿಲ್ಲ. ಹಗುರವಾದ ಪೊರೆಗೆ ತಂತಿಯ ಸಣ್ಣ ಸುರುಳಿಯನ್ನು ಅಂಟಿಸಿ, ಆ ಸುರುಳಿಯನ್ನು ಅಯಸ್ಕಾಂತದ ಕಿರಿದಾದ ಸಂದಿನಲ್ಲಿ ತೂಗಬಿಟ್ಟಿರುತ್ತದೆ. ಸುರುಳಿಯಲ್ಲಿ ವಿದ್ಯುತ್ತು ಹರಿದಂತೆಲ್ಲ ಪೊರೆ ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ಹಿಂದಿನ ಹೆಡ್‌ಫೋನುಗಳು ಮಾತನ್ನು ತಿಳಿಸಬಲ್ಲವಾಗಿದ್ದವು, ಅಷ್ಟೆ. ಮೃದಂಗದ ಗುಮಿಕೆಯನ್ನೂ ತಾಳದ ಕಿಣಿಕಿಣಿಯನ್ನೂ ಅವು ಅರಿಯವು. ಡೈನಾಮಿಕ್ ಎಂದು ಕರೆಯುವ ಈ ಹೊಸ ಬಗೆ ಮಂದ್ರದಿಂದ ತಾರದ ತನಕ ಹೆಚ್ಚು ನ್ಯಾಯವಾಗಿ ನಡೆದುಕೊಂಡಿತು. ಡಿ.ಟಿ. 48 ಪ್ರಸಾರ ಕೇಂದ್ರಗಳಲ್ಲಿ ಮಾತ್ರವಲ್ಲ, ವೈದ್ಯರು ರೋಗಿಯ ಕಿವಿಯ ಶಕ್ತಿಯನ್ನು ಅಳೆಯುವುದಕ್ಕೂ ಬಳಕೆಯಾಯಿತು. 2012ರ ತನಕ, ಎಂದರೆ ಮುಕ್ಕಾಲು ಶತಮಾನ, ಅದು ತಯಾರಾಗುತ್ತಲೇ ಇತ್ತು. ಇಂದು ಅಂಗಡಿಯಲ್ಲಿರುವ ನೂರಕ್ಕೆ ತೊಂಬತ್ತು ಪಾಲಿಗೂ ಮಿಕ್ಕ ಹೆಡ್‌ಫೋನುಗಳ ಒಳಗಿರುವುದು ಇದೇ ಸುರುಳಿ, ಇದೇ ಪೊರೆ ಎಂದರೆ ತಪ್ಪಾಗಲಾರದು. ತತ್ತ್ವ ಹಳೆಯದು, ಎಲ್ಲರಿಗೂ ತಿಳಿದದ್ದು. ಅಗ್ಗದ ಹೆಡ್‌ಫೋನೂ ಒಳ್ಳೆಯದಾಗಿರಬಲ್ಲದು ಎಂಬುದರ ಗುಟ್ಟು ಇದೇ.

ಮನೆಗೆ ಹೆಡ್‌ಫೋನು ಮರಳಿದ್ದು 1958ರಲ್ಲಿ. ಅಮೆರಿಕದ ಮಿಲ್ವಾಕಿ ಪಟ್ಟಣದ ಜಾನ್ ಕಾಸ್ ಎಂಬ ವ್ಯಾಪಾರಿ ಆಸ್ಪತ್ರೆಯ ರೋಗಿಗಳಿಗೆ ಟೆಲಿವಿಷನ್ನುಗಳನ್ನು ಬಾಡಿಗೆಗೆ ಕೊಡುತ್ತಿದ್ದಾತ. ಅವನೂ ಮಾರ್ಟಿನ್ ಲಾಂಗೆ ಎಂಬ ಇಂಜಿನಿಯರೂ ಸೇರಿ ಕೈಯಲ್ಲಿ ಒಯ್ಯಬಹುದಾದ ಒಂದು ಗ್ರಾಮಫೋನು ಮಾಡಿ, ಅದರ ಸ್ಟೀರಿಯೊ ಗುಣವನ್ನು ತೋರಿಸಲು ಜೊತೆಗೊಂದು ಹೆಡ್‌ಫೋನನ್ನೂ ಇಟ್ಟರು. ಗ್ರಾಮಫೋನನ್ನು ಯಾರೂ ಲೆಕ್ಕಿಸಲಿಲ್ಲ, ಜನ ಹೆಡ್‌ಫೋನಿಗೇ ಮುಗಿಬಿದ್ದರು. ಮದುವೆಗೆ ಬಂದ ಹಾರದ ಬುಟ್ಟಿಗೇ ಹೆಣ್ಣಿಗಿಂತ ಹೆಚ್ಚು ಬೆಲೆ ಬಂದ ಹಾಗೆ! ಹತ್ತು ವರ್ಷದ ತರುವಾಯ, 1968ರಲ್ಲಿ, ಜರ್ಮನಿಯ ಸೆನ್‌ಹೈಸರ್ ಸಂಸ್ಥೆ ಎಚ್.ಡಿ. 414 ಎಂಬುದನ್ನು ತಂದಿತು. ಅದುವರೆಗಿನ ಹೆಡ್‌ಫೋನುಗಳೆಲ್ಲ ಮುಚ್ಚಿದ ಬಟ್ಟಲುಗಳು. ಇದರ ಹಿಂಬದಿಯಲ್ಲಿ ಕಂಡಿಗಳು. ಗಾಳಿ ಆಡುತ್ತದೆ, ಧ್ವನಿ ಹೊರಕ್ಕೂ ಹೋಗುತ್ತದೆ, ಕಿವಿಯೂ ಬೇಯುವುದಿಲ್ಲ. ಹಳದಿ ಸ್ಪಂಜಿನ ಮೆತ್ತೆಯ ಈ ಹಗುರ ಜೋಡಿ ಒಂದು ಕೋಟಿಗಿಂತ ಹೆಚ್ಚು ಮಾರಾಟವಾಯಿತು. 1979ರ ಜುಲೈ 1ರಂದು ಜಪಾನಿನಲ್ಲಿ ಸೋನಿಯ ವಾಕ್‌ಮನ್ ಬಿಡುಗಡೆಯಾದ ಮೇಲಂತೂ ಹೆಡ್‌ಫೋನು ಬೀದಿಗೇ ಇಳಿಯಿತು.

ಇಲ್ಲಿಂದ ಮುಂದೆ ದಾರಿ ಎರಡಾಗಿ ಒಡೆಯುತ್ತದೆ. ಒಂದು, ಕೇಳುವವನನ್ನು ಸಂತೋಷಪಡಿಸುವ ಹೆಡ್‌ಫೋನು. ಗಲಾಟೆಯ ಬೀದಿಯಲ್ಲೂ ಡೋಲಿನ ಪೆಟ್ಟು ಎದೆಗೆ ಬಡಿಯಬೇಕು, ತಂತಿಯ ನಾದ ಥಳಥಳಿಸಬೇಕು. ಆದ್ದರಿಂದ ಮಂದ್ರವನ್ನೂ ತಾರವನ್ನೂ ಉಬ್ಬಿಸಿ ಕೇಳಿಸುತ್ತದೆ. ಇದರಲ್ಲಿ ದೋಷವೇನೂ ಇಲ್ಲ. ಊಟಕ್ಕೆ ಕುಳಿತವನು ಉಪ್ಪಿನಕಾಯಿ ಕೇಳಿದರೆ ತಪ್ಪೆ? ಆದರೆ ಅಡಿಗೆಯವನ ನಾಲಗೆಯ ಮೇಲೆ ಸದಾ ಉಪ್ಪಿನಕಾಯಿಯೇ ಇದ್ದರೆ ಸಾರಿಗೆ ಉಪ್ಪು ಎಷ್ಟು ಬಿದ್ದಿದೆಯೆಂದು ಅವನಿಗೆ ತಿಳಿಯುವುದು ಹೇಗೆ? ಧ್ವನಿಯ ಕೆಲಸದವರ ಪಾಡೂ ಅದೇ. ಹೆಡ್‌ಫೋನು ಮಂದ್ರವನ್ನು ಉಬ್ಬಿಸಿ ಹೇಳಿದರೆ, ಭಾಷಣಕಾರರ ಕಂಠ ಗುಂಯ್‌ಗುಟ್ಟುತ್ತಿದೆಯೆಂದು ನೀವು ಮಂದ್ರವನ್ನು ಕತ್ತರಿಸುತ್ತೀರಿ. ಕೇಳುವವರ ಮನೆಯಲ್ಲಿ ಆ ಕಂಠ ತಗಡು ಬಡಿದಂತೆ ಬರುತ್ತದೆ. ಅದು 8000 ಕಂಪನಗಳ ಆಸುಪಾಸಿನಲ್ಲಿ ಕಿರಿಚಿದರೆ, ನಮ್ಮ ಸಕಾರ ಶಕಾರಗಳೆಲ್ಲ ಸೀಟಿಯ ಹಾಗೆ ಕೇಳಿಸಿ, ನೀವು ಅವನ್ನು ಒತ್ತಿ ಅಡಗಿಸುತ್ತೀರಿ. ಕೊನೆಗೆ ಶಾರದೆ ಯಾರು, ಸಾರವೇನು ಎಂಬ ಭೇದವೇ ಮಸುಕಾಗುತ್ತದೆ. ಇದು ಕೇಳಿದವರ ತಪ್ಪಲ್ಲ, ಕೇಳಿಸಿದ ಯಂತ್ರದ ಸುಳ್ಳು. ಅಜ್ಜಿಯ ಹಾಡನ್ನು ಹೀಗೆ ತಿದ್ದಿ ಮೂಲವನ್ನು ಅಳಿಸಿಬಿಟ್ಟರೆ ಅದನ್ನು ಮತ್ತೆ ತರುವುದು ಎಲ್ಲಿಂದ?

ಎರಡನೆಯ ದಾರಿಯನ್ನು ಹಿಡಿದವರು ಪ್ರಸಾರ ಕೇಂದ್ರಗಳವರು. ಹೊರಾಂಗಣ ಪ್ರಸಾರದ ವ್ಯಾನಿನಲ್ಲಿ ಒಳ್ಳೆಯ ಧ್ವನಿವರ್ಧಕಕ್ಕೆ ಜಾಗವಿಲ್ಲ, ಜಾಗವಿದ್ದರೂ ಆ ಡಬ್ಬಿಯಂಥ ಕೋಣೆಯಲ್ಲಿ ಅದು ನಂಬಿಕೆಗೆ ಅರ್ಹವಲ್ಲ. ಆದ್ದರಿಂದ ಒಂದು ಊರಿನ ಇಂಜಿನಿಯರರು ಕೇಳಿದ್ದೂ ಇನ್ನೊಂದು ಊರಿನವರು ಕೇಳಿದ್ದೂ ಒಂದೇ ಆಗಿರುವಂಥ ಹೆಡ್‌ಫೋನು ಬೇಕಾಯಿತು. ಜರ್ಮನ್ ಭಾಷೆಯ ದೇಶಗಳ ಸಾರ್ವಜನಿಕ ಪ್ರಸಾರ ಸಂಸ್ಥೆಗಳು ಕೂಡಿ ಮ್ಯೂನಿಕ್ಕಿನಲ್ಲಿ ನಡೆಸುತ್ತಿದ್ದ ಸಂಶೋಧನಾಲಯವೊಂದಿತ್ತು. 1956ರಿಂದ 2020ರ ತನಕ ಅದು ಕೆಲಸ ಮಾಡಿತು. ಅಲ್ಲಿನ ಗುಂಟರ್ ಥೈಲೆ ಎಂಬ ವಿಜ್ಞಾನಿ ಸ್ಟುಡಿಯೊ ಹೆಡ್‌ಫೋನು ಯಾವ ಸ್ವರವನ್ನು ಎಷ್ಟು ಬಲವಾಗಿ ಕಿವಿಗೆ ಮುಟ್ಟಿಸಬೇಕೆಂಬುದಕ್ಕೆ 1980ರ ದಶಕದಲ್ಲಿ ಒಂದು ಅಳತೆಗೋಲನ್ನು ಪ್ರತಿಪಾದಿಸಿದರು. ಅದಕ್ಕೆ ಹೊಂದುವಂತೆ ವಿಯೆನ್ನಾದ ಎ.ಕೆ.ಜಿ. ಸಂಸ್ಥೆ 1985ರಲ್ಲಿ ಕೆ. 240 ಡಿ.ಎಫ್. ಎಂಬ ಹೆಡ್‌ಫೋನನ್ನು ಮಾಡಿತು. ಬೈಯರ್ ಸಂಸ್ಥೆಯ ಡಿ.ಟಿ. 770, ಡಿ.ಟಿ. 990 ಎಂಬವೂ ಅದೇ ವರ್ಷದವು.

ಅದೇ 1985ರಲ್ಲಿ ಸೋನಿಯವರು ಎಂ.ಡಿ.ಆರ್. ವಿ6 ಎಂಬುದನ್ನೂ 1991ರಲ್ಲಿ ಅದರ ಒಡಹುಟ್ಟಿದ ಎಂ.ಡಿ.ಆರ್. 7506 ಎಂಬುದನ್ನೂ ತಂದರು. ಇದರ ವಿಷಯ ಎರಡು ಮಾತು ಹೆಚ್ಚಾಗಿ ಹೇಳಿದರೆ ಅಡ್ಡಿಯಿಲ್ಲ. ನೋಡಲು ಅದರಲ್ಲಿ ಏನೂ ಇಲ್ಲ. ಕಪ್ಪು ಬಣ್ಣ, ಒಂದು ನೀಲಿ ಗೆರೆ, ಹಳೆಯ ಟೆಲಿಫೋನಿನಂತೆ ಸುರುಳಿಸುತ್ತಿದ ಹುರಿ, ತೂಕ 230 ಗ್ರಾಂ, 40 ಮಿಲಿಮೀಟರಿನ ಪೊರೆ, ತಡೆ 63 ಓಮ್. ಮಡಿಸಿ ಚೀಲಕ್ಕೆ ಹಾಕಬಹುದು. ಬೆಲೆ ಅಮೆರಿಕದಲ್ಲಿ ಬಹುಕಾಲದಿಂದ 100 ಡಾಲರಿನ ಆಸುಪಾಸು. ಅಲ್ಲಿನ ಸಾರ್ವಜನಿಕ ರೇಡಿಯೊದ ವರದಿಗಾರರ ಮತ್ತು ಸಿನಿಮಾ ಧ್ವನಿಗ್ರಾಹಕರ ತಲೆಯ ಮೇಲೆ ಮೂವತ್ತು ವರ್ಷಗಳಿಗೂ ಮಿಕ್ಕಿ ಕುಳಿತಿರುವುದು ಇದೇ. ಇದು ಪರಮ ಸತ್ಯವಾದಿಯೇನಲ್ಲ. ತಾರವನ್ನು ತುಸು ಮುಂದಕ್ಕೆ ತಂದು ಹೇಳುತ್ತದೆ. ಬಾಯಿಯ ಚಪ್ಪರಿಕೆ, ಕಾಗದದ ಮರಮರ, ಹುರಿಯ ಗುರುಗುರು ತಟ್ಟನೆ ಸಿಕ್ಕಿಬೀಳುತ್ತವೆ. ತಪ್ಪು ಹುಡುಕುವ ಮೇಷ್ಟರಂತೆ, ಜೊತೆಗಿರಲು ಹಿತವಲ್ಲದಿದ್ದರೂ ಕೆಲಸಕ್ಕೆ ಬರುವಂಥದು. ಜಪಾನಿನಲ್ಲಿ ಇದರ ಸ್ಥಾನದಲ್ಲಿರುವುದು ಎಂ.ಡಿ.ಆರ್. ಸಿ.ಡಿ. 900 ಎಸ್.ಟಿ., 1989ರದು. ಅದನ್ನು ರೂಪಿಸುವಾಗ ಟೋಕಿಯೊದ ಒಂದು ಧ್ವನಿಮುದ್ರಣ ಸ್ಟುಡಿಯೊದವರೇ ಕೂಡಿ ಕೆಲಸಮಾಡಿದರು. ಅದರ ಒಂದೊಂದು ಬಿಡಿಭಾಗವೂ ಬೇರೆಬೇರೆಯಾಗಿ ಕೊಳ್ಳಲು ಸಿಕ್ಕುತ್ತದೆ. ಕೆಲಸದ ಉಪಕರಣವೆಂದರೆ ಏನೆಂಬುದಕ್ಕೆ ಇದೊಂದು ಗುರುತು: ಕೆಟ್ಟರೆ ಬಿಸಾಡುವುದಲ್ಲ, ಸರಿಮಾಡುವುದು.

ಹಾಗಾದರೆ ಹೆಚ್ಚು ಹಣ ಕೊಟ್ಟರೆ ಹೆಚ್ಚು ನಿಜ ಸಿಕ್ಕುತ್ತದೆಯೆ? ಇದನ್ನು ಅಳತೆಮಾಡಿಯೇ ನೋಡಿದವರಿದ್ದಾರೆ. ಯೆರೂನ್ ಬ್ರೇಬಾರ್ಟ್ ಎಂಬ ವಿಜ್ಞಾನಿ 283 ಹೆಡ್‌ಫೋನುಗಳನ್ನು ಯಂತ್ರದ ಕಿವಿಗೆ ತೊಡಿಸಿ, ಯಾವುದು ಯಾವ ಸ್ವರವನ್ನು ಎಷ್ಟು ಕೇಳಿಸುತ್ತದೆಂದು ಅಳೆದ ಫಲಿತಾಂಶವನ್ನು 2017ರಲ್ಲಿ ಅಮೆರಿಕದ ಧ್ವನಿವಿಜ್ಞಾನ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಸ್ವರಗಳ ಈ ಸಮತೋಲಕ್ಕೂ ಅಂಗಡಿಯ ಬೆಲೆಗೂ ಯಾವ ಸಂಬಂಧವೂ ಕಾಣಲಿಲ್ಲ! ಹೆಚ್ಚಿನ ಬೆಲೆ ಚರ್ಮಕ್ಕೆ, ಹೊಳಪಿಗೆ, ಹೆಸರಿಗೆ, ಕೆಲವೊಮ್ಮೆ ಗಟ್ಟಿತನಕ್ಕೆ ಹೋಗಬಹುದು. ಸತ್ಯಕ್ಕೇ ಹೋಗುತ್ತದೆಂಬ ಭರವಸೆಯಿಲ್ಲ. ಹಾಗೆಂದು ಅಗ್ಗದ್ದೆಲ್ಲ ಒಳ್ಳೆಯದೆಂದೂ ತಿಳಿಯಬೇಡಿ. ಸಂಬಂಧವಿಲ್ಲವೆಂದರೆ ಎರಡು ಕಡೆಗೂ ಇಲ್ಲ.

ಇನ್ನು ಕೊಳ್ಳುವ ಮಾತಿಗೆ ಬರೋಣ. ಮೊದಲು ನೀವು ಮಾಡುವ ಕೆಲಸ ಯಾವುದೆಂದು ನಿಶ್ಚಯಿಸಿಕೊಳ್ಳಿ. ಮೈಕಿನ ಮುಂದೆ ಕುಳಿತು ಮುದ್ರಿಸುವವರಿಗೆ ಹಿಂಬದಿ ಮುಚ್ಚಿದ ಹೆಡ್‌ಫೋನೇ ಬೇಕು. ಕಂಡಿಗಳುಳ್ಳದ್ದಾದರೆ ಅದರೊಳಗಿನ ತಂಬೂರಿ ಹೊರಗೆ ಸೋರಿ ಮೈಕಿನೊಳಕ್ಕೆ ಮತ್ತೊಮ್ಮೆ ಹೋಗುತ್ತದೆ. ಮುದ್ರಿಸಿದ್ದನ್ನು ಶಾಂತವಾದ ಕೋಣೆಯಲ್ಲಿ ಗಂಟೆಗಟ್ಟಲೆ ಕುಳಿತು ತಿದ್ದುವವರಿಗೆ ತೆರೆದದ್ದು ಹಿತ. ಒಂದನ್ನೇ ಕೊಳ್ಳಲು ಶಕ್ತಿಯಿದ್ದರೆ ಮುಚ್ಚಿದ್ದನ್ನೇ ಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ನಮ್ಮ ಮನೆಗಳಲ್ಲಿ ಕುಕ್ಕರಿನ ಸೀಟಿ, ಬೀದಿಯ ಹೂವಿನವಳ ಕೂಗು ಇಲ್ಲದ ಹೊತ್ತು ಯಾವುದು?

ಈಗ ಓಮಿನ ಲೆಕ್ಕ. ಮೊಬೈಲು ಫೋನಿನ ಹೆಡ್‌ಫೋನು ತೂತಿನಿಂದ ಹೆಚ್ಚೆಂದರೆ ಒಂದು ವೋಲ್ಟಿನ ಆಸುಪಾಸು ಸಿಕ್ಕುತ್ತದೆನ್ನೋಣ. ಆ ಒಂದು ವೋಲ್ಟು 32 ಓಮಿನ ಹೆಡ್‌ಫೋನಿಗೆ ಸುಮಾರು 31 ಮಿಲಿವಾಟು ಶಕ್ತಿ ಕೊಡುತ್ತದೆ. 250 ಓಮಿನದಕ್ಕೆ ಸಿಕ್ಕುವುದು 4 ಮಿಲಿವಾಟು ಮಾತ್ರ. ಸೆನ್‌ಹೈಸರಿನ ಹಳೆಯ ಎಚ್.ಡಿ. 414ರ ತಡೆ 2000 ಓಮ್. ಅದಕ್ಕೆ ಅರ್ಧ ಮಿಲಿವಾಟು! ದೊಡ್ಡ ಆಂಪ್ಲಿಫೈಯರುಗಳ ಕಾಲಕ್ಕೆ ಅದು ಸರಿಯಾಗಿತ್ತು. ಡಿ.ಟಿ. 770 ಇಂದಿಗೂ 32, 80, 250 ಓಮ್ ಎಂದು ಬೇರೆಬೇರೆಯಾಗಿ ಬರುತ್ತದೆ. ಹೆಚ್ಚು ಓಮ್ ಇದ್ದದ್ದೇ ಹೆಚ್ಚು ಉತ್ತಮವೆಂದು ತಿಳಿದು 250ನ್ನು ತಂದು ಫೋನಿಗೆ ಸಿಕ್ಕಿಸಿ, ಧ್ವನಿ ಏಳುತ್ತಿಲ್ಲವೆಂದು ಕೊರಗುವವರುಂಟು. ಆಂಪ್ಲಿಫೈಯರು ಬೇರೆ ಕೊಳ್ಳುವ ಇಚ್ಛೆ ಇಲ್ಲದವರು 80 ಓಮಿನ ಒಳಗೇ ಇರುವುದು ಕ್ಷೇಮ. ಕೇವಲ ಓಮನ್ನೇ ನೋಡಿದರೆ ಸಾಲದು, ಒಂದು ಮಿಲಿವಾಟಿಗೆ ಎಷ್ಟು ಡೆಸಿಬೆಲ್ ಎಂಬ ಅಂಕಿಯನ್ನೂ ನೋಡಿ. 7506ಕ್ಕೆ ಅದು 106. ಆಡಿಯೊ ಟೆಕ್ನಿಕಾ ಸಂಸ್ಥೆಯ ಎಂ20ಎಕ್ಸ್, ಎಂ40ಎಕ್ಸ್ ಎಂಬವು ಕ್ರಮವಾಗಿ 47 ಮತ್ತು 35 ಓಮಿನವು. ಸಾಧಾರಣ ಹಣದವರು ಅಂಗಡಿಯಲ್ಲಿ ಕೇಳಿ ನೋಡಬೇಕಾದ ಸಾಲಿಗೆ ಇವೂ ಸೇರುತ್ತವೆ. ಕೆ. 240ರ ರೂಪವನ್ನೇ ಹೋಲುವ ಸೂಪರ್‌ಲಕ್ಸ್ ಎಚ್.ಡಿ. 681 ಇನ್ನೂ ಅಗ್ಗ. ಆದರೆ ಅದಕ್ಕೆ ಮೇಲೆ ಹೇಳಿದ ಸಕಾರದ ಕಿರುಚು ಸ್ವಲ್ಪ ಉಂಟು, ಅದನ್ನು ಅರಿತು ಬಳಸಬೇಕು.

ತಂತಿಯಿಲ್ಲದ ಹೆಡ್‌ಫೋನು ಬಸ್ಸಿನಲ್ಲಿ ಸುಖ, ಕೆಲಸದಲ್ಲಿ ಕಷ್ಟ. ಬ್ಲೂಟೂತಿನಲ್ಲಿ ಧ್ವನಿ ಕಿವಿಗೆ ಬರುವುದು ಸಾಮಾನ್ಯವಾಗಿ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟೋ ಇನ್ನೂ ಹೆಚ್ಚೋ ತಡವಾಗಿ. ಅಷ್ಟು ತಡವಾದರೆ ತಾಳ ಹಾಕುವವನ ಗತಿ ಏನು? ಹೆಸರಾದ ಮಾದರಿಗಳಿಗೆಲ್ಲ ಪೇಟೆಯಲ್ಲಿ ನಕಲಿಗಳೂ ಇವೆ. ನಂಬಬಹುದಾದ ಅಂಗಡಿಯಲ್ಲಿ ರಶೀದಿ ಸಹಿತ ಕೊಳ್ಳಿ. ಕಿವಿಯ ಮೆತ್ತೆ ಬೇರೆ ಸಿಕ್ಕುತ್ತದೆಯೆ, ಹುರಿ ಕಿತ್ತರೆ ಬದಲಾಯಿಸಬಹುದೆ ಎಂದು ಅಲ್ಲೇ ವಿಚಾರಿಸಿ. ನಮ್ಮ ಸೆಕೆಯಲ್ಲಿ ಕೃತಕ ಚರ್ಮದ ಮೆತ್ತೆ ಬೆವರು ಕುಡಿದು ಕೆಲವೇ ವರ್ಷಗಳಲ್ಲಿ ಸುಲಿದುಹೋಗುತ್ತದೆ. ಮೆತ್ತೆ ಸವೆದು ಸಂದು ಬಿಟ್ಟರೆ ಮಂದ್ರವೆಲ್ಲ ಆ ಸಂದಿನಿಂದ ಓಡಿಹೋಗಿ ಹೆಡ್‌ಫೋನಿನ ಗುಣವೇ ಬದಲಾಗುತ್ತದೆ.

ಅಂಗಡಿಗೆ ಹೋಗುವಾಗ ಸಿನಿಮಾ ಹಾಡನ್ನು ಒಯ್ಯಬೇಡಿ. ನಿಮಗೆ ಚೆನ್ನಾಗಿ ಪರಿಚಯವಿರುವ ಮನೆಯವರೊಬ್ಬರ ಮಾತನ್ನು ಎರಡು ನಿಮಿಷ ಮುದ್ರಿಸಿಕೊಂಡು ಹೋಗಿ. ತಂಬೂರಿಯ ಶ್ರುತಿ, ಮೃದಂಗದ ಎರಡೂ ಮುಖದ ಪೆಟ್ಟು ಇರುವ ಒಂದು ತುಣುಕೂ ಇರಲಿ. ಆ ಮನೆಯವರು ಎದುರಿಗೆ ನಿಂತು ಮಾತಾಡಿದ ಹಾಗೆ ಕೇಳಿದರೆ ಅದು ನಿಮಗೆ ತಕ್ಕ ಹೆಡ್‌ಫೋನು. ಅವರ ದನಿ ಇದ್ದಕ್ಕಿಂತ ಗಂಭೀರವಾಗಿ, ಇಂಪಾಗಿ ಕೇಳಿದರೆ ಅನುಮಾನಪಡಿ. ಕೊಂಡ ಮೇಲೂ ನಿಮ್ಮ ಕೆಲಸ ಮುಗಿದಾಗ ಒಮ್ಮೆ ಸಾಧಾರಣ ರೇಡಿಯೊದ ಧ್ವನಿವರ್ಧಕದಲ್ಲೂ ಕೇಳಿ ನೋಡುವುದು ಅವಶ್ಯ. ಹೆಡ್‌ಫೋನಿನಲ್ಲಿ ಎಡಗಿವಿಯದು ಎಡಗಿವಿಗೆ ಮಾತ್ರ. ಕೋಣೆಯಲ್ಲಿಯಾದರೋ ಎರಡೂ ಬದಿಯ ಧ್ವನಿ ಎರಡೂ ಕಿವಿಗೆ ಬೆರೆತು ಬರುತ್ತದೆ. ಕೇಳುವವರಲ್ಲಿ ಬಹುಮಂದಿ ಕೋಣೆಯಲ್ಲೇ ಕೇಳುತ್ತಾರೆ.

ಕೊನೆಯದಾಗಿ ಕಿವಿಯ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಮಟ್ಟ 3 ಡೆಸಿಬೆಲ್ ಏರಿದಂತೆಲ್ಲ ಕಾಲ ಅರ್ಧವಾಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ ವಾರಕ್ಕೆಲ್ಲ 5 ಗಂಟೆ. ದಿನವೂ ಮೂರು ನಾಲ್ಕು ಗಂಟೆ ಕುಳಿತು ತಿದ್ದುವವರು ಇದನ್ನು ಗೋಡೆಗೆ ಬರೆದು ಹಾಕಿಕೊಂಡರೂ ಒಳ್ಳೆಯದೇ. ಗಂಟೆಗೊಮ್ಮೆ ಹೆಡ್‌ಫೋನನ್ನು ಕೆಳಗಿಟ್ಟು ಹತ್ತು ನಿಮಿಷ ಅಂಗಳದಲ್ಲಿ ತಿರುಗಾಡಿ ಬನ್ನಿ. ಮತ್ತೆ ತೊಟ್ಟಾಗ ಧ್ವನಿ ಜೋರೆನಿಸಿದರೆ, ಎಷ್ಟು ಜೋರೆನಿಸಿತೋ ಅಷ್ಟು ಇಳಿಸಿ ಕೆಲಸವನ್ನು ಮುಂದುವರಿಸಿ.